ಯೀಸ್ಟ್ ಸಂಶೋಧನೆಗೆ ಕೊಟ್ಟ ಹಣ ದಂಡವಲ್ಲ

ಹಿಟ್ಟು ಉಬ್ಬಿಸುವ ಯೀಸ್ಟ್‌ನ ಸಂಶೋಧನೆಗೆ ಸಾರ್ವಜನಿಕರ ಹಣವೇಕೆ ಎಂದು ಕೇಳುವವರಿದ್ದಾರೆ. ಅದರ ಮೇಲೆ ಹೊಸ ಕೋಶವಾಗುವ ಮೊಗ್ಗು ಬೆಳೆಯುವ ಬಗೆಯಲ್ಲೇ ಉತ್ತರವಿದೆ. ಸಿಡಿಸಿ42 ಎಂಬ ಪ್ರೋಟೀನ್ ಮೊಗ್ಗಿನ ಜಾಗ ಗೊತ್ತುಮಾಡುತ್ತದೆ. ಫಾರ್ಮಿನ್ ಎಂಬ ಪ್ರೋಟೀನ್‌ಗಳು ಅಲ್ಲಿಂದ ತಾಯಿಕೋಶದೊಳಕ್ಕೆ ಆಕ್ಟಿನ್ ಎಂಬ ಪ್ರೋಟೀನ್‌ನ ಎಳೆಗಳನ್ನು ಬೆಳೆಸುತ್ತವೆ. ಮಯೊ2 ಎಂಬ ಮೋಟಾರ್ ಪ್ರೋಟೀನ್ ಈ ಎಳೆಗಳ ಮೇಲೆ, ಹಳಿಯ ಮೇಲಿನ ಗೂಡ್ಸ್ ಗಾಡಿಯಂತೆ ಸಾಮಗ್ರಿ ತುಂಬಿದ ಚೀಲಗಳನ್ನು ಮೊಗ್ಗಿಗೆ ಹೊತ್ತೊಯ್ಯುತ್ತದೆ. 1998ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ಎಳೆಗಳನ್ನು ಕಾಯುವ ಟ್ರೋಪೊಮಯೋಸಿನ್ ಪ್ರೋಟೀನ್ ಕೆಲಸ ನಿಲ್ಲಿಸುವಂತೆ ತಾಪ ಏರಿಸಿದಾಗ, ಒಂದೇ ನಿಮಿಷದಲ್ಲಿ ಎಳೆಗಳು ಕಾಣೆಯಾದವು. ಮೊಗ್ಗಿನತ್ತ ಸಾಗಣೆಯೂ ನಿಂತಿತು.

ನಮ್ಮ ನರಕೋಶಗಳಲ್ಲಿ ದೂರದ ಸಾಗಣೆ ಹೆಚ್ಚಾಗಿ ಮೈಕ್ರೊಟ್ಯೂಬ್ಯೂಲ್ ಎಂಬ ಬೇರೆ ಬಗೆಯ ಎಳೆಗಳ ಮೇಲೆ ನಡೆಯುತ್ತದೆ, ಯೀಸ್ಟ್ ಅದಕ್ಕೆ ಮಾದರಿಯಾಗದು ಎಂಬ ಆಕ್ಷೇಪದಲ್ಲಿ ಹುರುಳಿದೆ. ಆದರೆ ಮಯೊ2 ಕುಟುಂಬದ ಮಯೋಸಿನ್-5ಎ ನಮ್ಮಲ್ಲೂ ಇದೆ. ಅದರ ಜೀನ್ ಕೆಟ್ಟರೆ ಕೂದಲಿಗೆ ಬೆಳ್ಳಿಬಣ್ಣ ಬಂದು ನರದೋಷ ಕಾಡುವ ಗ್ರಿಸೆಲ್ಲಿ ಕಾಯಿಲೆ ಬರುತ್ತದೆ. ರೋಗದ ಬೇರು ಹುಡುಕಬೇಕಾದರೆ ಇಂಥ ಮೂಲಸಂಶೋಧನೆಗೆ ತಕ್ಷಣದ ಲಾಭ ಕೇಳದೆ ಹಣ ಕೊಡಲೇಬೇಕು.