ಪಾಸ್‌ಪೋರ್ಟ್ ಬದಲಾದರೆ ಪಾಲು ಹೋಗುತ್ತದೆಯೇ?

ಹುನಗುಂದ, ಇಳಕಲ್ ಕಡೆ ಹೊಲ ಪಾಲಾಗುವಾಗ ಈಗೊಂದು ಹೊಸ ಮಾತು ಹುಟ್ಟಿಕೊಂಡಿದೆ: "ಆಕಿ ಲಂಡನ್ನಿನಾಕಿ ಆಗ್ಯಾಳ, ಆಕಿಗೆಲ್ಲಿ ಪಾಲು?"

ಬ್ರಿಟಿಷ್ ಪೌರತ್ವ ಪಡೆದ ಮಗಳು ಭಾರತದ ಪೌರತ್ವ ಕಳೆದುಕೊಳ್ಳುತ್ತಾಳೆ. 1955ರ ಪೌರತ್ವ ಕಾಯ್ದೆಯಲ್ಲಿ ಎರಡಕ್ಕೂ ಜಾಗವಿಲ್ಲ. ಇಲ್ಲಿ ಆಕೆಗೆ ಮತವಿಲ್ಲ, ಹೊಲ ಕೊಳ್ಳುವ ಹಾಗೂ ಇಲ್ಲ. ಅದು ನಿಜ. ಆದರೆ ಕೊಳ್ಳುವುದು ಬೇರೆ, ತಂದೆಯಿಂದ ಬರುವುದು ಬೇರೆ. ಓಸಿಐ ಕಾರ್ಡು ಇದ್ದವಳು ಎಷ್ಟು ಸಲವಾದರೂ ಬರಬಹುದು, ಎಷ್ಟು ದಿನವಾದರೂ ಇರಬಹುದು, ಹಿರಿಯರ ಹೊಲವನ್ನು ವಾರಸುದಾರಳಾಗಿ ಪಡೆಯಬಹುದು. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೆ ಮಗನಷ್ಟೇ ಹಕ್ಕು ಕೊಟ್ಟಿತು. ಅದು ಹುಟ್ಟಿನಿಂದಲೇ ಬಂದ ಹಕ್ಕೆಂದು ಸುಪ್ರೀಂ ಕೋರ್ಟು 2020ರಲ್ಲಿ ಸಾರಿತು. ಪಾಸ್‌ಪೋರ್ಟ್ ಬದಲಾಗಬಹುದು, ಹುಟ್ಟು ಬದಲಾದೀತೇ?

ಇಷ್ಟಾದರೂ, ಆಕೆ ರಜೆಗೆ ಬಂದಾಗ ಉಡಿ ತುಂಬಿ, ಇಳಕಲ್ ಸೀರೆ ಉಡಿಸಿ, ಬಾಗಲಕೋಟೆಗೆ ಕರೆದೊಯ್ದು ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸುವವರಿದ್ದಾರೆ. ಇಲ್ಲದ ಕಾಯ್ದೆ ತೋರಿಸಿ ಹೆದರಿಸುವುದು ಯಾವ ಸೀಮೆಯ ಪ್ರೀತಿ? ಬಾದಾಮಿಯ ಗುಹೆ ನೋಡಲು ಹೋದರೆ, 2021ರ ಸರ್ಕಾರಿ ಅಧಿಸೂಚನೆಯಂತೆ, ಓಸಿಐ ಕಾರ್ಡಿನವಳಿಗೂ ನಮ್ಮದೇ ದರದ ಟಿಕೆಟು. ಚಾಲುಕ್ಯರ ಕಲ್ಲಿಗೂ ಆಕೆ ಈ ನೆಲದವಳೇ. ಒಡಹುಟ್ಟಿದವರಿಗೆ ಮಾತ್ರ ಪರದೇಶಿ!

ಅಣ್ಣ ಕಷ್ಟದಲ್ಲಿದ್ದಾನೆ, ಬಿಟ್ಟುಕೊಡುತ್ತೇನೆ ಎಂದರೆ ಅದು ಅವಳ ದೊಡ್ಡತನ, ಬೇಡವೆನ್ನಲು ನಾವು ಯಾರು? ಆದರೆ ತನ್ನದೆಂದು ತಿಳಿದು ಕೊಟ್ಟದ್ದು ದಾನ, ತಿಳಿಯದಂತೆ ಕಸಿದದ್ದು ಕಳವು. ಹೆತ್ತ ತಾಯಂದಿರೇ, ಮಗಳಿಗೆ ಇಷ್ಟು ಹೇಳಿ: ಮೊದಲು ಉತಾರದಲ್ಲಿ ನಿನ್ನ ಹೆಸರು ಬರಲಿ. ಬಿಡುವ ಮಾತು ಆಮೇಲೆ.