ಅಬ್ಬಕ್ಕನಿಗೆ ಪೌಡರ್ ಹಚ್ಚಿದ್ದು ಯಾರು?

ಗೂಗಲ್‌ನಲ್ಲಿ ‘ರಾಣಿ ಅಬ್ಬಕ್ಕ’ ಅಂತ ಟೈಪ್ ಮಾಡಿ, ಇಮೇಜಸ್ ಒತ್ತಿ. ಬರುವ ಚಿತ್ರಗಳಲ್ಲಿ ಹೆಚ್ಚಿನವು ಒಡವೆ ಅಂಗಡಿಯ ಜಾಹೀರಾತಿನಂತೆ ಇರುತ್ತವೆ. ಗೋಧಿ ಬಣ್ಣ, ಕೆಲವು ಕಡೆ ನೇರವಾಗಿ ಹಾಲಿನ ಬಣ್ಣ. ತಲೆ ಮೇಲೆ ಕಿರೀಟ, ಮೈತುಂಬ ಚಿನ್ನ, ಜರಿಯಂಚಿನ ರೇಷ್ಮೆ, ತಿದ್ದಿದ ಹುಬ್ಬು. ಎಐ ಬಂದ ಮೇಲಂತೂ ಕೇಳುವುದೇ ಬೇಡ. ಯುದ್ಧಭೂಮಿಯಲ್ಲಿ ನಿಂತ ರಾಣಿಯ ಕೆನ್ನೆಯ ಮೇಲೆ ಒಂದು ಹನಿ ಬೆವರೂ ಇರುವುದಿಲ್ಲ.

ಈ ಮುಖ ಎಲ್ಲಿಂದ ಬಂತು ಮಾರಾಯ್ರೆ? ಉಳ್ಳಾಲದಿಂದ ಬಂದದ್ದಂತೂ ಅಲ್ಲ.

ಅಬ್ಬಕ್ಕನನ್ನು ಎದುರಿಗೆ ಕೂರಿಸಿಕೊಂಡು ಬರೆದ ಚಿತ್ರ ನಮ್ಮ ಬಳಿ ಇಲ್ಲ. ಆದರೆ ಎದುರಿಗೆ ನಿಂತು ನೋಡಿದವನೊಬ್ಬ ಬರೆದಿಟ್ಟ ವಿವರ ಇದೆ. 1623ರಲ್ಲಿ ಪಿಯೆತ್ರೊ ದೆಲ್ಲಾ ವಾಲ್ಲೆ ಎಂಬ ರೋಮ್ ನಗರದ ಪ್ರವಾಸಿ ನಮ್ಮ ಕರಾವಳಿಗೆ ಬಂದ. ಪೋರ್ಚುಗೀಸರನ್ನು ಕಾಡಿದ ಉಳ್ಳಾಲದ ರಾಣಿಯ ಹೆಸರು ಕೇಳಿದ್ದ. ಅವಳನ್ನು ನೋಡಲೇಬೇಕು ಅಂತ ಮಂಗಳೂರಿನಿಂದ ಒಳಗಿರುವ ಮಣೇಲಿಗೆ ಹೋದ. ಉಳ್ಳಾಲವನ್ನು ಆಳಿದ ಅಬ್ಬಕ್ಕ ಒಬ್ಬಳೇ ಅಲ್ಲ, ಒಬ್ಬರ ನಂತರ ಒಬ್ಬರು ಇದ್ದರು ಎನ್ನುತ್ತಾರೆ ಇತಿಹಾಸಕಾರರು. ಜನರ ನೆನಪು ಅವರನ್ನೆಲ್ಲ ಸೇರಿಸಿ ಒಬ್ಬ ಅಬ್ಬಕ್ಕನನ್ನು ಮಾಡಿಕೊಂಡಿದೆ. ದೆಲ್ಲಾ ವಾಲ್ಲೆ ನೋಡಿದವಳು ಅವರಲ್ಲಿ ಒಬ್ಬಳು, ಚೌಟ ವಂಶದ ಅಬ್ಬಕ್ಕ ದೇವಿ.

ಅವನು ಕಂಡದ್ದೇನು? ದರ್ಬಾರು ಇಲ್ಲ, ಸಿಂಹಾಸನ ಇಲ್ಲ. ರಾಣಿ ಸಿಕ್ಕಿದ್ದು ದಾರಿಯಲ್ಲಿ. ತಾನು ತೋಡಿಸುತ್ತಿದ್ದ ಕಣಿಗಳ ಕೆಲಸ ನೋಡಿಕೊಳ್ಳುವುದರಲ್ಲಿ ಅವಳಿದ್ದಳು. ಸುಮಾರು ನಲವತ್ತರ ಪ್ರಾಯ, ದಪ್ಪ ಮೈಕಟ್ಟು, ಕಪ್ಪೆಂದರೆ ಕಪ್ಪು ಬಣ್ಣ. ಬರಿಗಾಲು. ಸೊಂಟಕ್ಕೆ ದಪ್ಪ ಬಿಳಿ ಹತ್ತಿಬಟ್ಟೆ, ಹೆಗಲ ಮೇಲೆ ಇನ್ನೊಂದು ಹತ್ತಿಬಟ್ಟೆ. ನೆರಳಿಗೆ ತಾಳೆಗರಿಯ ಕೊಡೆ. ಅಡುಗೆಮನೆಯ ಆಳೋ ಬಟ್ಟೆ ಒಗೆಯುವವಳೋ ಇರಬೇಕು, ರಾಣಿಯಂತೆ ಕಾಣಲಿಲ್ಲ ಅಂತ ಅವನು ಬರೆದುಕೊಂಡ. ಯುರೋಪಿನಲ್ಲಿ ಅಷ್ಟೊಂದು ದೊಡ್ಡವನೆನಿಸಿಕೊಂಡ ಸ್ಪೇನಿನ ದೊರೆಯ ಸೈನ್ಯಕ್ಕೆ ಇಲ್ಲಿ ಸೋಲುಣಿಸಿದ್ದು ಇಂಥವಳೇ ಅಂತ ಬೆರಗಾದ. ಆಗ ಪೋರ್ಚುಗಲ್ ಸ್ಪೇನ್ ದೊರೆಯ ಕೈಕೆಳಗಿತ್ತು. ಆಮೇಲೆ ಅವಳು ಬಾಯಿ ತೆರೆದಳು. ಯಾವ ದೇಶದವನು, ಯಾಕೆ ಊರು ಬಿಟ್ಟು ಬಂದೆ ಅಂತ ವಿಚಾರಿಸಿದಳು. ರೂಪದಲ್ಲಿ ಕಾಣದ ರಾಣಿತನ ಮಾತಿನಲ್ಲಿ ಕಂಡಿತು ಅಂತ ಅವನೇ ಒಪ್ಪಿಕೊಂಡ.

ಈ ವಿವರ ಓದಿದರೆ ಬೆಳುವಾಯಿಯ ಕಡೆಯ ಯಾರಿಗಾದರೂ ನಗು ಬರಬೇಕು. ಯಾಕೆಂದರೆ ಇಂಥ ಹೆಂಗಸರನ್ನು ನಾವು ದಿನಾ ನೋಡಿದ್ದೇವೆ. ಮಳೆ ಹಿಡಿಯುವ ಮುಂಚೆ ಅಡಿಕೆ ತೋಟದ ಕಣಿ ಬಿಡಿಸಲು ಆಳುಗಳ ಜೊತೆ ನಿಂತ ದೊಡ್ಡಮ್ಮ. ತಲೆಗೊಂದು ಬೈರಾಸು, ಕಾಲಿಗೆ ಕೆಸರು, ಸ್ವರಕ್ಕೆ ಮಾತ್ರ ಇಡೀ ತೋಟ ಕೇಳಬೇಕು. ಅವಳನ್ನು ನೋಡಿದ ಹೊರಗಿನವನು ‘ಮನೆಯ ಯಜಮಾನರು ಇದ್ದಾರಾ?’ ಅಂತ ಅವಳನ್ನೇ ಕೇಳುತ್ತಾನೆ. ಯಜಮಾನಿ ಎದುರಿಗೇ ನಿಂತಿರುತ್ತಾಳೆ. ಅಳಿಯಸಂತಾನದ ಚೌಟರ ಮನೆತನದಲ್ಲಿ ಅಧಿಕಾರ ಹೆಣ್ಣಿನ ಬಳ್ಳಿಯಲ್ಲಿ ಹರಿಯುತ್ತಿತ್ತು. ಅದನ್ನು ತೋರಿಸಲು ಕಿರೀಟದ ಅಗತ್ಯ ಇರಲಿಲ್ಲ.

ಈಗ ಅದೇ ಕಾಲಕ್ಕೆ ಹತ್ತಿರದ ಇನ್ನೊಬ್ಬ ರಾಣಿಯನ್ನು ನೋಡೋಣ. ಇಂಗ್ಲೆಂಡಿನ ಒಂದನೇ ಎಲಿಜಬೆತ್. ಅವಳ ಶತ್ರುವೂ ಸ್ಪೇನಿನ ದೊರೆಯೇ. 1588ರಲ್ಲಿ ಸ್ಪೇನಿನ ನೌಕಾಪಡೆ ಸೋತಾಗ ಬರೆಸಿದ ‘ಆರ್ಮಡಾ’ ಭಾವಚಿತ್ರವನ್ನು ನೀವು ಎಲ್ಲೋ ನೋಡಿಯೇ ಇರುತ್ತೀರಿ. ಹಿಂದೆ ಎರಡು ಕಿಟಕಿಗಳಲ್ಲಿ ಹಡಗುಗಳು, ಪಕ್ಕದಲ್ಲಿ ಕಿರೀಟ, ಬಲಗೈ ಭೂಗೋಳದ ಮೇಲೆ, ಮೈಯೆಲ್ಲ ಮುತ್ತು, ಕುತ್ತಿಗೆಗೆ ಚಕ್ರದಂಥ ಲೇಸು. ಆಗ ಅವಳಿಗೆ 55 ವರ್ಷ, ಚಿತ್ರದಲ್ಲಿ ಒಂದು ಸುಕ್ಕೂ ಇಲ್ಲ. 1600ರ ಹೊತ್ತಿನ ‘ರೇನ್‌ಬೋ’ ಭಾವಚಿತ್ರದಲ್ಲಿ ಅವಳು ಎಪ್ಪತ್ತರ ಹತ್ತಿರ ಬಂದಿದ್ದಳು. ಅಲ್ಲಿರುವುದು ಹುಡುಗಿಯ ಮುಖ. ಇದೇನು ಕಲಾವಿದರ ಮರ್ಯಾದೆ ಅಂದುಕೊಳ್ಳಬೇಡಿ. ರಾಣಿಯ ಮುಖ ಹೇಗಿರಬೇಕು ಅಂತ ನಿಗಾ ಇಡಲು 1563ರಲ್ಲೇ ರಾಜಾಜ್ಞೆಯ ಕರಡು ಸಿದ್ಧವಾಗಿತ್ತು. 1596ರಲ್ಲಿ ಅವಳ ಚೆಂದವಿಲ್ಲದ ಚಿತ್ರಗಳನ್ನು ಹುಡುಕಿ ನಾಶ ಮಾಡಿ ಅಂತ ಅವಳ ಮಂತ್ರಿಪರಿಷತ್ತು ಹೇಳಿತು. ಇವತ್ತು ವಿಡಿಯೋ ಕಾಲ್‌ನಲ್ಲಿ ನೀವು ಬ್ಯೂಟಿ ಫಿಲ್ಟರ್ ಹಾಕಿಕೊಳ್ಳುತ್ತೀರಲ್ಲ, ಅದೇ ಕೆಲಸ. ಅಲ್ಲಿ ಮಾತ್ರ ಫಿಲ್ಟರಿನ ಹಿಂದೆ ಸರಕಾರವೇ ನಿಂತಿತ್ತು.

ಈ ಚಿತ್ರಗಳು ಕೆಟ್ಟವು ಅಂತ ನಾನು ಹೇಳುತ್ತಿಲ್ಲ. ಅದ್ಭುತ ಚಿತ್ರಗಳು. ಆದರೆ ಅವು ಅಧಿಕಾರದ ಜಾಹೀರಾತು. ಅಧಿಕಾರ ಎಂದರೆ ಹೊಳಪು, ಬಿಳುಪು, ವಯಸ್ಸಾಗದಿರುವುದು ಅಂತ ಅವು ಸಾರುತ್ತವೆ. ಇದೇ ಜಾಹೀರಾತು ಮುಂದೆ ನಮ್ಮ ಮನೆಯೊಳಗೂ ಬಂತು.

ಹೇಗೆ ಅಂತೀರಾ? ಲಕ್ಷ್ಮೀಪೂಜೆಯ ತಟ್ಟೆಯಲ್ಲಿರುವ ಹಳೆಯ ಬೆಳ್ಳಿ ರೂಪಾಯಿ ತೆಗೆದು ನೋಡಿ. ಅದರ ಮೇಲಿರುವುದು ವಿಕ್ಟೋರಿಯಾ. 1862ರಿಂದ 1901ರವರೆಗೆ ನಮ್ಮ ರೂಪಾಯಿಯ ಮೇಲೆ ಆಕೆ ಕಿರೀಟ ಇಟ್ಟುಕೊಂಡ ಪ್ರಾಯದ ಹೆಂಗಸಾಗಿಯೇ ಉಳಿದಳು. ತೀರಿಹೋಗುವಾಗ ಅವಳಿಗೆ 81. ‘ಮಗಳಿಗೆ ಎಷ್ಟು ಪವನ್ ಹಾಕಿದರು?’ ಅಂತ ಇವತ್ತೂ ಮದುವೆಮನೆಯಲ್ಲಿ ಕೇಳುತ್ತೇವೆ. ಪವನ್ ಎಂದರೆ ಎಂಟು ಗ್ರಾಂ. ಅದು ಬ್ರಿಟಿಷ್ ಸಾವರಿನ್ ನಾಣ್ಯದ ತೂಕ, ರಾಣಿಯ ತಲೆ ಅಚ್ಚಾದ ಚಿನ್ನದ ತೂಕ. 1893ರ ನಂತರದ ಸಾವರಿನ್ ಮೇಲಿನ ಮುಸುಕು ಹೊದ್ದ ವಿಕ್ಟೋರಿಯಾಳನ್ನು ರೂಪಿಸಿದವನು ಥಾಮಸ್ ಬ್ರಾಕ್. ಲಂಡನ್ನಿನ ಬಕಿಂಗ್‌ಹ್ಯಾಮ್ ಅರಮನೆಯ ಎದುರು ನೀವು ಸೆಲ್ಫಿ ತೆಗೆದುಕೊಳ್ಳುವ ವಿಕ್ಟೋರಿಯಾ ಸ್ಮಾರಕವೂ ಅವನದೇ. ಬೆಂಗಳೂರಿನ ಕಬ್ಬನ್ ಪಾರ್ಕಿನ ಅಂಚಿನಲ್ಲಿ ಬಿಳಿ ಅಮೃತಶಿಲೆಯಲ್ಲಿ ನಿಂತಿದ್ದಾಳಲ್ಲ, ಆ ವಿಕ್ಟೋರಿಯಾಳೂ ಅವನ ಕೈಯವಳೇ. 1906ರ ಫೆಬ್ರವರಿಯಲ್ಲಿ ಅದನ್ನು ಅನಾವರಣ ಮಾಡಿದವನು ಅವಳ ಮೊಮ್ಮಗ, ಮುಂದೆ ಐದನೇ ಜಾರ್ಜ್ ಆದವನು. ಒಬ್ಬನೇ ಶಿಲ್ಪಿಯ ರಾಣಿ ಲಂಡನ್ನಿಗೂ ಬೆಂಗಳೂರಿಗೂ ಹೆಂಗಸರ ಕೊರಳಿಗೂ ಬಂದು ನಿಂತಳು. ಇಷ್ಟಾದ ಮೇಲೆ ‘ರಾಣಿ’ ಅಂದಾಗ ಕಣ್ಣೆದುರು ಯಾರು ಬರಬೇಕು ಹೇಳಿ?

ಎಲ್ಲವನ್ನೂ ಬ್ರಿಟಿಷರ ತಲೆಗೆ ಕಟ್ಟಿ ಕೈತೊಳೆದುಕೊಳ್ಳಲಿಕ್ಕೂ ಆಗುವುದಿಲ್ಲ. ಬಿಳಿ ಬಣ್ಣದ ಹುಚ್ಚು ನಮಗೇ ಸಾಕಷ್ಟಿತ್ತು. ಮ್ಯಾಟ್ರಿಮೊನಿ ಜಾಹೀರಾತು ಬರೆಯುವವರು ಲಂಡನ್ನಿನವರಲ್ಲ. ಹೊರಗಿನ ಅಚ್ಚಿಗೆ ಒಳಗಿನ ಚಪಲ ಸರಿಯಾಗಿ ಹೊಂದಿಕೊಂಡಿತು. ಅದರ ಪರಿಣಾಮವೇ ಈ ಪೌಡರ್ ಹಚ್ಚಿದ ಅಬ್ಬಕ್ಕ.

‘ಚಿತ್ರ ಹೇಗಿದ್ದರೇನು, ಹೆಸರು ಉಳಿಯಿತಲ್ಲ’ ಅಂತ ನೀವು ಹೇಳಬಹುದು. ಹೌದು, ಹೆಸರು ಉಳಿದಿದೆ. 2012ರಲ್ಲಿ ಕೋಸ್ಟ್ ಗಾರ್ಡಿನ ಹಡಗಿಗೆ ಅವಳ ಹೆಸರು ಬಂತು, 2023ರಲ್ಲಿ ಅಂಚೆಚೀಟಿ ಬಂತು. ಸಂತೋಷ. ಆದರೆ ಚಿತ್ರ ಸುಮ್ಮನೆ ಕೂರುವುದಿಲ್ಲ, ಅದು ಕೆಲಸ ಮಾಡುತ್ತದೆ. ನನ್ನ ಅಕ್ಕನ ಮಗಳು ಓದುವ ಶಾಲೆಯ ವಾರ್ಷಿಕೋತ್ಸವದಲ್ಲಿ ಅಬ್ಬಕ್ಕನ ನಾಟಕ ಇತ್ತು. ಹುಡುಗಿಗೆ ಕಂಚಿನ ಕಂಠ, ಪೂರ್ತಿ ಮಾತು ಬಾಯಿಪಾಠ. ಆದರೆ ಬಣ್ಣ ಕಪ್ಪು. ರಾಣಿಯ ಪಾತ್ರ ಬೇರೆ ಹುಡುಗಿಗೆ ಹೋಯಿತು, ಇವಳು ದೀವಟಿಗೆ ಹಿಡಿದು ಹಿಂದೆ ನಿಂತಳು. ಟೀಚರ್ ಕೊಟ್ಟ ಕಾರಣ: ‘ರಾಣಿ ಅಂದ್ರೆ ಸ್ವಲ್ಪ ರಾಣಿ ಥರ ಕಾಣ್ಬೇಕಲ್ಲ.’ 1623ರ ಅಬ್ಬಕ್ಕನೇ ಆಡಿಷನ್‌ಗೆ ಬಂದಿದ್ದರೂ ಅವಳ ಕೈಗೆ ದೀವಟಿಗೆಯೇ ಸಿಗುತ್ತಿತ್ತು. ಇದು ಕಲಾವಿಮರ್ಶೆಯ ವಿಷಯ ಅಲ್ಲ ಅಂತ ನಾನು ಹೇಳುವುದು ಇದಕ್ಕೇ. ತನ್ನ ಬಣ್ಣದ ರಾಣಿಯನ್ನು ನೋಡುವ ಹಕ್ಕು ಆ ಹುಡುಗಿಗೆ ಇತ್ತು. ಅದನ್ನು ನಾವು ಕಿತ್ತುಕೊಂಡೆವು, ಅದೂ ಅಬ್ಬಕ್ಕನ ಹೆಸರಿನಲ್ಲೇ.

ಇನ್ನೊಂದು ವಾದ ಬರುತ್ತದೆ: ‘ಆ ಇಟಲಿಯವನ ಮಾತನ್ನು ಯಾಕೆ ನಂಬಬೇಕು? ಅವನಿಗೆ ಕಪ್ಪು ಜನ ಎಂದರೆ ತಾತ್ಸಾರ.’ ತಾತ್ಸಾರ ಇತ್ತು, ಸಂದೇಹವೇ ಇಲ್ಲ. ಅಡುಗೆಯಾಳಿನ ಹೋಲಿಕೆಯೇ ಸಾಕ್ಷಿ. ಆದರೆ ಆ ಹೋಲಿಕೆಯನ್ನು ಅವಮಾನ ಅಂತ ನಾವು ತೆಗೆದುಕೊಂಡರೆ ನಾವೂ ಅವನ ಪಕ್ಷವೇ ಆದೆವು. ಅಡುಗೆ ಮಾಡುವವಳಂತೆ, ಬಟ್ಟೆ ಒಗೆಯುವವಳಂತೆ ಕಂಡರೆ ಏನು ಕಡಿಮೆಯಾಯಿತು? ಅವನೇ ಎರಡು ಮಾತಿನೊಳಗೆ ತನ್ನ ಅಂದಾಜು ತಿದ್ದಿಕೊಂಡ. ನಾವು ನಾಲ್ಕು ನೂರು ವರ್ಷವಾದರೂ ತಿದ್ದಿಕೊಂಡಿಲ್ಲ. ಹಬ್ಬದ ದಿನ ಅಬ್ಬಕ್ಕನೂ ಒಡವೆ ಹಾಕಿರಬಹುದು, ಪಟ್ಟೆ ಉಟ್ಟಿರಬಹುದು. ಅದನ್ನು ಬೇಡ ಅನ್ನುವವನು ನಾನಲ್ಲ. ಅವಳ ಕೆಲಸದ ದಿನವೂ ಒಂದು ಚಿತ್ರವಾಗಲಿ ಅನ್ನುವುದಷ್ಟೇ ನನ್ನ ಜಗಳ.

ಚೌಟರು ತಮ್ಮನ್ನು ಹೇಗೆ ತೋರಿಸಿಕೊಂಡರು ಅಂತ ನೋಡಬೇಕಿದ್ದರೆ ಬೆಳುವಾಯಿಯಿಂದ ಬಸ್ಸು ಹತ್ತಿ ಮೂಡುಬಿದಿರೆಯಲ್ಲಿ ಇಳಿಯಿರಿ. ಸಾವಿರ ಕಂಬದ ಬಸದಿ ನೋಡಿದವರೂ ಚೌಟರ ಅರಮನೆಗೆ ಹೋಗುವುದು ಅಪರೂಪ. ಹೋದವರೂ ‘ಇದೇನಾ ಅರಮನೆ?’ ಅಂತಾರೆ. ಬಕಿಂಗ್‌ಹ್ಯಾಮ್ ತಲೆಯಲ್ಲಿಟ್ಟುಕೊಂಡು ಹೋದರೆ ಹಾಗೇ ಅನಿಸುವುದು. ಇದು ದೊಡ್ಡದೊಂದು ಗುತ್ತಿನ ಮನೆಯಂತೆ ಇದೆ, ಮರದ ಕಂಬ, ಇಳಿಜಾರು ಮಾಡು. ಆದರೆ ಕಂಬಗಳ ಹತ್ತಿರ ಹೋಗಿ ನಿಲ್ಲಿ. ಒಂದರಲ್ಲಿ ನವನಾರೀಕುಂಜರ: ಒಂಬತ್ತು ಹೆಂಗಸರು ಹೆಣೆದುಕೊಂಡು ಒಂದು ಆನೆಯಾಗಿದ್ದಾರೆ. ಇನ್ನೊಂದರಲ್ಲಿ ಪಂಚನಾರೀತುರಗ: ಐದು ಹೆಂಗಸರು ಸೇರಿ ಕುದುರೆ. ಈ ವಿನ್ಯಾಸ ಭಾರತದ ಬೇರೆ ಕಡೆಯೂ ಇದೆ, ನಿಜ. ಆದರೆ ಅಳಿಯಸಂತಾನದ ಮನೆಯ ಕಂಬದಲ್ಲಿ ಅದನ್ನು ನೋಡುವಾಗ ನನಗೆ ಬೇರೆಯೇ ಅರ್ಥ ಹೊಳೆಯುತ್ತದೆ. ಅಲ್ಲಿ ಅಧಿಕಾರ ಎಂದರೆ ಭೂಗೋಳದ ಮೇಲೆ ಕೈಯಿಟ್ಟ ಒಬ್ಬಳ ಮುಖವಲ್ಲ, ಹಲವು ಮೈಗಳು ಕೂಡಿ ಹೊರುವ ಭಾರ.

ಇಷ್ಟು ಓದಿದ ನಿಮ್ಮಲ್ಲಿ ಎಷ್ಟೋ ಮಂದಿ ಡಿಸೈನರ್‌ಗಳು, ಗೇಮ್ ಮಾಡುವವರು, ಜಾಹೀರಾತಿನವರು, ಮಹಿಳಾ ದಿನಕ್ಕೆ ಆಫೀಸಿನ ಪೋಸ್ಟರ್ ಸಿದ್ಧ ಮಾಡುವ ಎಚ್‌ಆರ್‌ನವರು. ಅಬ್ಬಕ್ಕನ ಹೊಸ ಮುಖ ತಯಾರಾಗುತ್ತಿರುವುದು ಈಗ ನಿಮ್ಮ ಲ್ಯಾಪ್‌ಟಾಪಿನಲ್ಲೇ. ಹಾಗಾಗಿ ಬೇಡಿಕೆಯೂ ನಿಮ್ಮ ಮುಂದೆಯೇ. ಎಐಗೆ ‘ಸುಂದರ ಭಾರತೀಯ ಯೋಧೆ ರಾಣಿ’ ಅಂತ ಟೈಪ್ ಮಾಡುವ ಮುಂಚೆ ಒಂದು ಸಲ ಬಂಟ್ವಾಳಕ್ಕೆ ಹೋಗಿ ಬನ್ನಿ. ಅಲ್ಲಿ ಪ್ರೊ. ತುಕಾರಾಮ ಪೂಜಾರಿಯವರು ಕಟ್ಟಿದ ರಾಣಿ ಅಬ್ಬಕ್ಕ ತುಳು ಅಧ್ಯಯನ ಕೇಂದ್ರ ಇದೆ, ಜೊತೆಗೆ ತುಳು ಬದುಕು ವಸ್ತುಸಂಗ್ರಹಾಲಯ. ರಾಣಿಯ ಹೆಸರಿನ ಜಾಗದಲ್ಲಿ ಸಾಮಾನ್ಯರ ಬದುಕಿನ ಸಾಮಾನುಗಳನ್ನು ಜೋಪಾನ ಮಾಡಿಟ್ಟಿದ್ದಾರೆ. ಅಬ್ಬಕ್ಕನ ಕೈ ಏನನ್ನು ಮುಟ್ಟಿರಬಹುದು ಅನ್ನುವುದಕ್ಕೆ ಕಿರೀಟಕ್ಕಿಂತ ಅವೇ ಹತ್ತಿರ.

ಆಮೇಲೆ ಬರೆಯಿರಿ. ಕಪ್ಪು ಬಣ್ಣಕ್ಕೆ ಕಪ್ಪನ್ನೇ ಬಳಸಿ, ಕಂದು ಅಂತ ತೇಲಿಸಬೇಡಿ. ಪ್ರಾಯ ನಲವತ್ತು ಅಂದರೆ ನಲವತ್ತೇ ಕಾಣಲಿ, ಸೊಂಟ ಸಣ್ಣ ಮಾಡಬೇಡಿ. ಪಾದ ಬರಿದಾಗಿರಲಿ, ಅದರಲ್ಲಿ ಕಣಿಯ ಕೆಸರಿರಲಿ. ತಲೆಯ ಮೇಲೆ ತಾಳೆಗರಿಯ ಕೊಡೆ ಇರಲಿ. ಬಾಯಿ ಮುಚ್ಚಿಸಬೇಡಿ, ಅವಳು ಏನನ್ನೋ ಹೇಳುತ್ತಿರಲಿ.