ಗಲ್ಫ್ ಸಂಬಳಕ್ಕೆ ತೆರಿಗೆ ಇಲ್ಲ, ಆದರೆ ನೋಟಿಸಿಗೆ ಉತ್ತರ ಬೇಕು

ಮಗ ದಮ್ಮಾಮಿನಲ್ಲಿ ದುಡಿಯುತ್ತಾನೆ. ಊರಲ್ಲಿ ಅವನ ಹೆಸರಿಗೆ 35 ಲಕ್ಷದ ಜಾಗ ತೆಗೆದಿದ್ದಾರೆ. ಕೆಲವು ವರ್ಷ ಕಳೆದ ಮೇಲೆ ಆದಾಯ ತೆರಿಗೆ ಇಲಾಖೆಯ ನೋಟಿಸು ಬರುತ್ತದೆ: ಈ ಹಣ ಎಲ್ಲಿಂದ ಬಂತು? ಉಮ್ಮನಿಗೆ ನಿದ್ದೆಯಿಲ್ಲ. ಮಗ ಫೋನಿನಲ್ಲಿ ‘ಗಲ್ಫ್ ಸಂಬಳಕ್ಕೆ ಟ್ಯಾಕ್ಸ್ ಇಲ್ಲ, ಅದನ್ನು ಬಿಟ್ಟುಬಿಡಿ’ ಎನ್ನುತ್ತಾನೆ. ನಮ್ಮ ಮನೆಗಳಲ್ಲಿ ಇಂಥ ಮಾತು ಹೊಸತಲ್ಲ. ಮಗನ ಮೊದಲ ಮಾತು ಸರಿ, ಎರಡನೆಯದು ತಪ್ಪು.

ಕಾನೂನು ನೋಡುವುದು ದಿನಗಳ ಲೆಕ್ಕವನ್ನು. ಏಪ್ರಿಲಿನಿಂದ ಮಾರ್ಚ್‌ವರೆಗೆ ಊರಲ್ಲಿ 182 ದಿನಕ್ಕಿಂತ ಕಡಿಮೆ ಇದ್ದ ಗಲ್ಫ್ ಉದ್ಯೋಗಿ ಸಾಮಾನ್ಯವಾಗಿ ಅನಿವಾಸಿ. ಅಲ್ಲಿ ದುಡಿದು ಅಲ್ಲಿನ ಖಾತೆಗೇ ಬಂದ ಸಂಬಳಕ್ಕೆ ಇಲ್ಲಿ ತೆರಿಗೆ ಬೀಳುವುದಿಲ್ಲ. ಆದರೆ ಬಾಡಿಗೆ, ವ್ಯಾಪಾರ ಸೇರಿ ಇಲ್ಲಿನ ಆದಾಯ 15 ಲಕ್ಷ ಮೀರಿದವರಿಗೆ 2020ರಿಂದ 120 ದಿನದ ನಿಯಮವೂ ಇದೆ. ಅಂಥವರು ಸಿ.ಎ. ಹತ್ತಿರ ಕೇಳದೆ ರಜೆ ಉದ್ದ ಮಾಡಬಾರದು.

ಹಾಗಾದರೆ ನೋಟಿಸು ಯಾಕೆ? 30 ಲಕ್ಷ ಅಥವಾ ಅದಕ್ಕಿಂತ ಹೆಚ್ಚಿನ ಆಸ್ತಿ ನೋಂದಣಿಯಾದರೆ ಸಬ್ ರಿಜಿಸ್ಟ್ರಾರ್ ಕಚೇರಿಯಿಂದ, ವರ್ಷಕ್ಕೆ 10 ಲಕ್ಷದ ಠೇವಣಿ ಇಟ್ಟರೆ ಬ್ಯಾಂಕಿನಿಂದ ಇಲಾಖೆಗೆ ಮಾಹಿತಿ ಹೋಗುತ್ತದೆ. ಇಲಾಖೆಯ ಕಂಪ್ಯೂಟರಿಗೆ ಕಾಣುವುದು ಇಲ್ಲಿನ ಖರ್ಚು ಮಾತ್ರ, ಅಲ್ಲಿನ ದುಡಿಮೆ ಕಾಣುವುದಿಲ್ಲ. ರಿಟರ್ನ್ ಸಲ್ಲಿಸಿಲ್ಲ, ಹಳೆಯ ಉಳಿತಾಯ ಖಾತೆ ಎನ್‌ಆರ್‌ಒ ಆಗಿಲ್ಲ ಎಂದರೆ ಸಂಶಯ ಬರುವುದು ಸಹಜ.

ಇಲ್ಲಿ ಇಲಾಖೆಯ ಕಡೆಯ ಕಷ್ಟವನ್ನೂ ಹೇಳಬೇಕು. ನೋಟಿಸು ಇಮೇಲಿಗೆ ಬರುತ್ತದೆ. ಆ ಇಮೇಲ್ ಪಾನ್ ಕಾರ್ಡ್ ಮಾಡಿಸಿಕೊಟ್ಟ ಅಂಗಡಿಯವರದ್ದು, ಒಟಿಪಿ ಹೋಗುವುದು ಯಾವತ್ತೋ ಬಂದಾದ ಸಿಮ್ಮಿಗೆ. ಕೂಲಿ ಮಾಡಿ ಜಾಗ ತೆಗೆದವನಿಗೂ ಕಳ್ಳಹಣದವನಿಗೂ ಒಂದೇ ಭಾಷೆಯ ಕಾಗದ. ಆದರೆ ಗೊತ್ತಾಗಲಿಲ್ಲ ಎಂದರೆ ಕೆಲಸ ನಿಲ್ಲುವುದಿಲ್ಲ. ಉತ್ತರ ಬಾರದಿದ್ದರೆ ಅಧಿಕಾರಿ ತನಗೆ ಸಿಕ್ಕ ಮಾಹಿತಿಯಲ್ಲೇ ತೆರಿಗೆ ನಿರ್ಧರಿಸಬಹುದು. ಮೇಲೆ ಬಡ್ಡಿ, ದಂಡ ಬರಬಹುದು. ಊರಿನ ಖಾತೆಯಿಂದಲೂ ವಸೂಲಿ ಮಾಡಬಹುದು.

ಮೊದಲು ನೋಟಿಸು ಅಸಲಿಯೇ ನೋಡಿ. ಅದರಲ್ಲಿರುವ ಡಿಐಎನ್ ಸಂಖ್ಯೆಯನ್ನು ಇಲಾಖೆಯ ವೆಬ್‌ಸೈಟಿನಲ್ಲಿ ಹಾಕಿದರೆ ತಿಳಿಯುತ್ತದೆ. ಫೋನ್ ಮಾಡಿ ಹಣ ಕೇಳಿದವರಿಗೆ ಕೊಡಬೇಡಿ. ಹಳೆಯ ಪಾಸ್‌ಪೋರ್ಟ್ ಬಿಸಾಡಬೇಡಿ, ನೀವು ಊರಲ್ಲಿ ಎಷ್ಟು ದಿನ ಇದ್ದಿರಿ ಎಂಬುದಕ್ಕೆ ಅದರ ಮುದ್ರೆಗಳೇ ಸಾಕ್ಷಿ. ದುಬೈಯಲ್ಲಿ ಸ್ಮಾರ್ಟ್ ಗೇಟ್‌ನಲ್ಲಿ ಹೋಗಿಬಂದು ಮುದ್ರೆ ಇಲ್ಲದವರು ಅಲ್ಲಿನ ಇಮಿಗ್ರೇಶನ್‌ನಿಂದ ಪ್ರಯಾಣದ ವಿವರ ತೆಗೆಯಬಹುದು. ಇಕಾಮಾ ಪ್ರತಿ, ಸಂಬಳದ ಪತ್ರ, ಹಣ ಕಳಿಸಿದ ರಸೀದಿ, ಎನ್‌ಆರ್‌ಇ ಖಾತೆಯ ಸ್ಟೇಟ್‌ಮೆಂಟ್ ಒಂದು ಫೈಲಿನಲ್ಲಿರಲಿ. ಇಷ್ಟಿದ್ದರೆ ಉತ್ತರ ಕೊಡುವುದು ಕಷ್ಟವಲ್ಲ. ಸಮಯ ಸಾಲದಿದ್ದರೆ ಗಡುವಿನ ಒಳಗೇ ಪೋರ್ಟಲಿನಲ್ಲಿ ಹೆಚ್ಚು ಸಮಯ ಕೇಳಿ.

ಎನ್‌ಆರ್‌ಒ ಠೇವಣಿಯ ಬಡ್ಡಿಯಲ್ಲಿ ಬ್ಯಾಂಕ್ ಶೇ. 30 ಮತ್ತು ಸೆಸ್ ಹಿಡಿಯುತ್ತದೆ. ಇಲ್ಲಿನ ಆದಾಯ ಕಡಿಮೆ ಇರುವವರು ರಿಟರ್ನ್ ಸಲ್ಲಿಸಿದರೆ ಆ ಹಣ ವಾಪಸ್ ಬರುತ್ತದೆ. ಎಷ್ಟೋ ಮಂದಿ ಅದನ್ನೂ ಕೇಳುವುದಿಲ್ಲ.

ಜಮಾಅತ್ ಕಮಿಟಿಗಳು ತಿಂಗಳಿಗೊಂದು ಸಂಜೆ ಒಬ್ಬ ಸಿ.ಎ.ಯನ್ನು ಕರೆಸಿ ಕೂರಿಸಬಹುದು. ರಜೆಯಲ್ಲಿ ಬಂದ ಮಕ್ಕಳು ಮದುವೆ, ಮನೆ ಕೆಲಸದ ನಡುವೆ ಒಂದು ದಿನ ಪಾನ್‌ಗೆ ಸೇರಿದ ಇಮೇಲ್, ಮೊಬೈಲ್ ನಂಬರ್ ಸರಿಮಾಡಿಸಿ ಹೋಗಲಿ. ಉಮ್ಮನಿಗೆ ಕಾಗದ ಓದಲು ಬಾರದಿದ್ದರೂ ಫೈಲು ಎಲ್ಲಿದೆ ಎಂದು ಗೊತ್ತಿರಲಿ.